ನಾದವೂ ನಡೆಯೂ

ಸಂಗೀತವು ಮಾನವನಿಗೆ ಹಿತಕರವಾದುದೆಂಬುದರಲ್ಲಿ ಎರಡು ಮಾತಿಲ್ಲ. ತೊಟ್ಟಿಲಿನ ಜೋಗುಳದಿಂದ ಮೊದಲ್ಗೊಂಡು ಕೊನೆಯ ಯಾತ್ರೆಯ ಭಜನೆಯವರೆಗೆ ನಮ್ಮ ಬಾಳಿನ ಯಾವ ಘಟ್ಟವೂ ಹಾಡನ್ನು ಬಿಟ್ಟು ಕಳೆಯುವುದಿಲ್ಲ. ಬೀಸುವಾಗ, ಕುಟ್ಟುವಾಗ, ರಾಶಿ ಮಾಡುವಾಗ, ಆರತಿ ಬೆಳಗುವಾಗ ನಮ್ಮ ಹಿರಿಯರು ಹಾಡಿದರು. ದಣಿದ ದೇಹವು ಹಾಡಿನಿಂದ ಹಗುರಾಗುವುದನ್ನೂ ಕಲಕಿದ ಮನಸ್ಸು ತಿಳಿಯಾಗುವುದನ್ನೂ ಅವರು ಅನುಭವದಿಂದ ಅರಿತಿದ್ದರು. ಅವರು ಹಾಗೆ ಅರಿತುದನ್ನು ಈಗ ವಿಜ್ಞಾನವು ಅಳೆದು ತೂಗಿ ನೋಡುತ್ತಿದೆ. ನಾದವು ಕಿವಿಯಲ್ಲಿಯೇ ನಿಲ್ಲದೆ ಮಿದುಳು, ಎದೆಬಡಿತ, ಉಸಿರು, ನೋವು, ನೆನಪು ಇವೆಲ್ಲವನ್ನೂ ಮುಟ್ಟುತ್ತದೆಂಬುದನ್ನು ಅದು ತೋರಿಸಿಕೊಟ್ಟಿದೆ.

ಆದರೆ ವಿಚಾರವಂತನಾದ ಗೃಹಸ್ಥನು ಇಲ್ಲಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ದೇಹಕ್ಕೆ ಹಿತವಾದುದು ಅಷ್ಟರಿಂದಲೇ ಒಳ್ಳೆಯದೆನಿಸಿಕೊಳ್ಳುವುದೇ? ನಾದವು ನಮ್ಮ ಅಪ್ಪಣೆಯನ್ನು ಕೇಳದೆ ನಮ್ಮೊಳಗೆ ಕೆಲಸ ಮಾಡುವ ಶಕ್ತಿಯಾಗಿದ್ದರೆ, ಆ ಶಕ್ತಿಯನ್ನು ಬಳಸುವವನ ಹೊಣೆಯೇನು? ಹಾಡಿದೆವು, ಕೇಳಿದೆವು, ನೆಮ್ಮದಿ ದೊರೆಯಿತು ಎಂಬಲ್ಲಿಗೆ ನಮ್ಮ ಕರ್ತವ್ಯವು ಮುಗಿಯಿತೇ? ಈ ಪ್ರಶ್ನೆಯು ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನಮ್ಮ ಮನೆಯಲ್ಲಿ ಒಬ್ಬ ರೋಗಿಯ ಮಂಚದ ಬಳಿ ಹುಟ್ಟಿದುದು. ಆದುದರಿಂದ ಮೊದಲು ಆ ಸಂಗತಿಯನ್ನೇ ವಾಚಕರ ಮುಂದೆ ಇಡುತ್ತೇನೆ.

ನನ್ನ ದೊಡ್ಡಪ್ಪನವರು ಒಕ್ಕಲುತನದ ಮನೆಯ ಯಜಮಾನರು, ಸಂಗೀತವನ್ನು ಕಲಿತವರಲ್ಲ. ಆದರೆ ದಿನವೂ ಬೆಳಗಿನ ಪೂಜೆ ಮುಗಿದ ಮೇಲೆ ಒಂದೆರಡು ವಚನಗಳನ್ನು ತಮಗೆ ಬಂದ ಧಾಟಿಯಲ್ಲಿ ಹಾಡಿಕೊಳ್ಳದೆ ಅವರು ಪ್ರಸಾದಕ್ಕೆ ಕುಳಿತವರಲ್ಲ. ಎಪ್ಪತ್ತರ ಸಮೀಪದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ಬಿದ್ದುಹೋಯಿತು. ನಾವು ಆಡಿದುದು ಅವರಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಆದರೆ ಅವರ ಬಾಯಿಂದ ಹೊರಡುತ್ತಿದ್ದುದು ‘ಹೌದು’ ಎಂಬ ಒಂದೇ ಮಾತು. ನೀರು ಬೇಕಾದರೂ ‘ಹೌದು’, ಬೇಡವಾದರೂ ‘ಹೌದು’. ಹೇಳಬೇಕಾದುದು ಎದೆಯಲ್ಲಿದ್ದು ನಾಲಗೆಗೆ ಬಾರದಿದ್ದಾಗ ಅವರ ಮುಖದ ಮೇಲೆ ಮೂಡುತ್ತಿದ್ದ ಸಂಕಟವನ್ನು ನೋಡಲಾಗುತ್ತಿರಲಿಲ್ಲ.

ಹೀಗೆ ಕೆಲವು ವಾರಗಳು ಕಳೆದವು. ಒಂದು ದಿನ ಬೆಳಿಗ್ಗೆ ದೊಡ್ಡವ್ವನವರು ಅವರ ಮಗ್ಗುಲಲ್ಲಿ ಕುಳಿತು, ಅವರು ಎಂದೂ ಹಾಡುತ್ತಿದ್ದ ವಚನವೊಂದನ್ನು ಅದೇ ಧಾಟಿಯಲ್ಲಿ ಮೆಲ್ಲನೆ ಎತ್ತಿಕೊಂಡರು. ಎರಡನೆಯ ಸಾಲಿಗೆ ದೊಡ್ಡಪ್ಪನವರ ದನಿ ಕೂಡಿತು. ಮೂರನೆಯ ಸಾಲಿಗೆ ಶಬ್ದಗಳು ಬಂದವು. ಅರೆಬರೆಯಾಗಿ ಬಂದವುಗಳಲ್ಲ, ಅಕ್ಷರ ಅಕ್ಷರವೂ ಸ್ಪಷ್ಟವಾಗಿ, ಅಂಕಿತದವರೆಗೂ ಬಂದವು. ಮನೆಯವರೆಲ್ಲ ಮಂಚದ ಸುತ್ತ ಕೂಡಿದೆವು. ಅಳದವರಿರಲಿಲ್ಲ.

ಆಮೇಲೆ ನಾವು ಮಾಡಿದುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನೋಡಬಂದ ಬೀಗರು ಬಿಜ್ಜರೆಲ್ಲರ ಮುಂದೆ ನಾವು ಅವರನ್ನು ಹಾಡಿಸತೊಡಗಿದೆವು. ಹಾಗೆ ಹಾಡಿಸಿದವರಲ್ಲಿ ನಾನೇ ಮೊದಲಿಗನು. ‘ಮಾತು ಹೋದರೇನು, ವಚನ ಉಳಿದಿದೆಯಲ್ಲ, ಇವರ ಭಕ್ತಿ ಎಂಥದು ನೋಡಿ’ ಎಂದು ಹೆಮ್ಮೆಯಿಂದ ಹೇಳಿಕೊಂಡೆನು. ದಿನಕ್ಕೆ ಮೂರು ನಾಲ್ಕು ಬಾರಿ ಈ ಪ್ರದರ್ಶನ ನಡೆಯಿತು. ಒಂದು ಸಂಜೆ ಅವರು ಹಾಡನ್ನು ನಡುವೆಯೇ ನಿಲ್ಲಿಸಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟರು. ಕಣ್ಣಲ್ಲಿ ನೀರಿತ್ತು. ಆಗ ದೊಡ್ಡವ್ವನವರು ನನ್ನನ್ನು ನೋಡಿ, ‘ಹಾಡ್ತಾರ ಅಂದ್ರ ಆರಾಮ ಆಗ್ಯಾರ ಅಂತ ತಿಳೀಬ್ಯಾಡೋ ತಮ್ಮಾ. ಮುಂಜಾನಿಂದ ಅವರಿಗೆ ಏನೋ ಬೇಕಾಗೇದ. ಅದನ್ನ ಯಾರೂ ಕೇಳವಲ್ರಿ’ ಎಂದರು. ಬೆನ್ನಿನ ಕೆಳಗೆ ಹಾಸಿಗೆ ಒದ್ದೆಯಾಗಿತ್ತು. ಬೆಳಗಿನಿಂದ ಅವರು ಅದನ್ನೇ ಹೇಳಲು ಯತ್ನಿಸುತ್ತಿದ್ದರು. ನಾವು ಹಾಡನ್ನು ಕೇಳುತ್ತಿದ್ದೆವು, ಅವರನ್ನು ಕೇಳುತ್ತಿರಲಿಲ್ಲ.

ಇನ್ನು ಇದರ ಹಿಂದಿರುವ ಕಾರಣವನ್ನು ವಿಚಾರಿಸೋಣ. ದೊಡ್ಡಪ್ಪನವರಿಗೆ ಆದುದು ಪವಾಡವಲ್ಲ. ಸ್ವೀಡನ್ ದೇಶದ ವಿಜ್ಞಾನ ಅಕಾಡೆಮಿಯ ಪ್ರಕಟನೆಯಲ್ಲಿ ಓಲೋಫ್ ಡಾಲಿನ್ ಎಂಬಾತನು 1745ರಲ್ಲಿಯೇ ಇಂತಹ ಒಬ್ಬನ ವೃತ್ತಾಂತವನ್ನು ಬರೆದಿದ್ದಾನೆ. ಆ ಮನುಷ್ಯನಿಗೂ ಬಲಭಾಗ ಸೋತು ಮಾತು ನಿಂತಿತ್ತು. ‘ಹೌದು’ ಎಂಬುದರ ಹೊರತು ಬೇರೆ ನುಡಿಯಿರಲಿಲ್ಲ. ಆದರೆ ಕಾಯಿಲೆಗೆ ಮುಂಚೆ ಕಲಿತ ದೇವರ ಹಾಡುಗಳನ್ನು, ಮೊದಲಲ್ಲಿ ಯಾರಾದರೂ ಜೊತೆಗೂಡಿದರೆ, ಆತನು ಸ್ವಸ್ಥರಂತೆಯೇ ಹಾಡುತ್ತಿದ್ದನು. ದೇಶ ಬೇರೆ, ಮತ ಬೇರೆ, ಭಾಷೆ ಬೇರೆ. ಮಿದುಳು ಮಾತ್ರ ಒಂದೇ ಬಗೆಯದು.

ಪಾರಿಸ್ಸಿನ ವೈದ್ಯ ಬ್ರೋಕಾ 1861ರಲ್ಲಿ ಮಾತು ಕಳೆದುಕೊಂಡು ಸತ್ತ ರೋಗಿಯೊಬ್ಬನ ಮಿದುಳನ್ನು ಪರೀಕ್ಷಿಸಿ, ಅದರ ಎಡಭಾಗದ ಮುಂದಣ ಒಂದು ಪ್ರದೇಶವು ಕೆಟ್ಟಿರುವುದನ್ನು ಕಂಡನು. ಬಹುತೇಕ ಜನರಲ್ಲಿ ಮಾತನ್ನು ಕಟ್ಟುವ ಕೆಲಸವು ಮಿದುಳಿನ ಎಡ ಅರ್ಧದಲ್ಲಿ ನಡೆಯುತ್ತದೆಂಬ ತಿಳಿವು ಅಲ್ಲಿಂದ ಬೆಳೆಯಿತು. ಸಂಗೀತವಾದರೋ ಒಂದೇ ಕೋಣೆಯಲ್ಲಿ ವಾಸಿಸುವುದಿಲ್ಲ. ಸ್ವರದ ಏರಿಳಿತ, ಲಯ, ನೆನಪು, ಭಾವ ಇವುಗಳಿಗಾಗಿ ಮಿದುಳಿನ ಎಡಬಲಗಳೆರಡೂ, ಮೇಲಿನ ಪದರವೂ ಆಳದ ಭಾಗಗಳೂ ಒಟ್ಟಿಗೆ ದುಡಿಯುತ್ತವೆ. ಆದುದರಿಂದ ಮಾತಿನ ಕೋಣೆ ಕುಸಿದರೂ ಹಾಡಿನ ಮನೆಯು ನಿಲ್ಲಬಹುದು. ರಷ್ಯದ ಸಂಗೀತರಚನಕಾರ ಷೆಬಾಲಿನ್ ಪಾರ್ಶ್ವವಾಯುವಿನ ಹೊಡೆತದಿಂದ 1959ರಲ್ಲಿ ಮಾತಿನ ಶಕ್ತಿಯನ್ನು ಬಹುವಾಗಿ ಕಳೆದುಕೊಂಡನು. ಆದರೂ 1963ರಲ್ಲಿ ತೀರಿಕೊಳ್ಳುವವರೆಗೆ ಸಂಗೀತಕೃತಿಗಳನ್ನು ರಚಿಸುತ್ತಲೇ ಇದ್ದನು. ಬಹುಕಾಲ ಬಾಯಲ್ಲಿ ಆಡಿ ಪಳಗಿದ ಹಾಡಿಗಾದರೆ ಇನ್ನೊಂದು ಬಲವುಂಟು. ಅದರಲ್ಲಿ ಶಬ್ದವನ್ನು ಹುಡುಕಬೇಕಾಗಿಲ್ಲ. ಒಂದು ಶಬ್ದವು ಮುಂದಿನದನ್ನು ಕೈಹಿಡಿದು ಕರೆತರುತ್ತದೆ.

ಈ ತಿಳಿವನ್ನು ಚಿಕಿತ್ಸೆಗೆ ತಿರುಗಿಸಿದವರೂ ಉಂಟು. 1973ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೈದ್ಯರು ಒಂದು ಕ್ರಮವನ್ನು ಪ್ರಕಟಿಸಿದರು. ನಿತ್ಯದ ಸಣ್ಣ ಸಣ್ಣ ಮಾತುಗಳನ್ನು ಎರಡೇ ಸ್ವರಗಳ ಏರಿಳಿತದಲ್ಲಿ ರಾಗವಾಗಿ ನುಡಿಸುವುದು, ಜೊತೆಗೆ ಎಡಗೈಯಿಂದ ತಾಳ ಹಾಕಿಸುವುದು, ಬರಬರುತ್ತ ರಾಗವನ್ನು ಸಡಿಲಿಸಿ ಮಾತಿಗೆ ತರುವುದು ಇದರ ರೀತಿ. ಇದರಿಂದ ಕೆಲವು ರೋಗಿಗಳಿಗೆ ಮಾತು ಮರಳಿದುದುಂಟು. ಆದರೆ 2011ರಲ್ಲಿ ಜರ್ಮನಿಯ ಸಂಶೋಧಕರು, ಇಲ್ಲಿ ಸಹಾಯ ಮಾಡುವುದು ರಾಗಕ್ಕಿಂತಲೂ ಲಯ ಮತ್ತು ಬಾಯಿಪಾಠವಾದ ನುಡಿಗಟ್ಟು ಎಂದು ವಾದಿಸಿದರು. ಚರ್ಚೆಯಿನ್ನೂ ಮುಗಿದಿಲ್ಲ. ನಮ್ಮ ಮಟ್ಟಿಗೆ ಇದರಿಂದ ತಿಳಿಯತಕ್ಕ ಸೂಕ್ಷ್ಮವೊಂದಿದೆ: ಹಾಡುವುದು ಬೇರೆ, ಹೇಳುವುದು ಬೇರೆ. ಕಲಿತ ಹಾಡು ಬಾಯಿಂದ ಹೊರಟಿತೆಂದ ಮಾತ್ರಕ್ಕೆ ಒಳಗಿನ ನೋವು ಹೊರಬಂದಿತೆಂದಲ್ಲ. ನಾನು ಎಡವಿದುದು ಇಲ್ಲಿಯೇ.

ಸಂಗೀತದ ಉಪಕಾರವನ್ನು ಸಣ್ಣದೆಂದು ನಾನು ಹೇಳುತ್ತಿಲ್ಲ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 60 ಮಂದಿ ಪಾರ್ಶ್ವವಾಯು ಪೀಡಿತರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿನವರು ತಮಗೆ ಪ್ರಿಯವಾದ ಸಂಗೀತವನ್ನು ಎರಡು ತಿಂಗಳ ಕಾಲ ದಿನವೂ ಕೇಳಿದರು. ಇನ್ನೊಂದು ಗುಂಪಿನವರು ಓದಿದ ಕಥೆಗಳನ್ನು ಕೇಳಿದರು. ಮೂರನೆಯ ಗುಂಪಿಗೆ ಎರಡೂ ಇರಲಿಲ್ಲ. ಸಂಗೀತ ಕೇಳಿದವರಲ್ಲಿ ಶಬ್ದಗಳ ನೆನಪೂ ಅವಧಾನವೂ ಉಳಿದವರಿಗಿಂತ ಹೆಚ್ಚು ಚೇತರಿಸಿದವು. ಕುಗ್ಗಿದ ಮನಸ್ಸೂ ಕಡಮೆಯಾಗಿತ್ತು. ಕಂಪವಾತದಿಂದ ಹೆಜ್ಜೆ ತಡವರಿಸುವವರಿಗೆ ತಾಳದ ಪೆಟ್ಟನ್ನು ಕೇಳಿಸಿದರೆ ನಡಿಗೆ ಸುಧಾರಿಸುತ್ತದೆಂಬುದನ್ನು ಬೇರೆ ಪರೀಕ್ಷೆಗಳು ತೋರಿಸಿವೆ. ಮುಪ್ಪಿನ ಮರೆವಿನಲ್ಲಿ ಮಕ್ಕಳ ಹೆಸರೂ ಮರೆತವರು ಬಾಲ್ಯದ ಹಾಡನ್ನು ಹಾಡುವುದನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೇವೆ.

ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆದ 73 ಪರೀಕ್ಷೆಗಳನ್ನು, ಸುಮಾರು 7,000 ಜನರ ವಿವರಗಳನ್ನು ಕೂಡಿಸಿ ನೋಡಿದ ವಿಮರ್ಶೆಯೊಂದು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2015ರಲ್ಲಿ ಬಂದಿತು. ಸಂಗೀತ ಕೇಳಿದ ರೋಗಿಗಳಿಗೆ ನೋವೂ ಕಳವಳವೂ ಕಡಮೆ. ನೋವಿನ ಔಷಧವೂ ಕಡಮೆ ಸಾಕಾಯಿತು. ಆದರೆ ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಕಡಮೆಯಾಗಲಿಲ್ಲ. ಈ ಮಾತನ್ನು ಗಮನಿಸಬೇಕು. ನಾದವು ನೋವನ್ನು ಹಗುರಮಾಡಿತು. ಗಾಯವು ತನ್ನ ಕಾಲಕ್ಕೇ ಮಾಯಿತು. ಸಂಗೀತವು ವೈದ್ಯನ ಜೊತೆಗಾರನೇ ಹೊರತು ವೈದ್ಯನ ಬದಲಿಗಾರನಲ್ಲ. ರಕ್ತದೊತ್ತಡಕ್ಕೆ ಇಂಥ ರಾಗ, ಸಕ್ಕರೆ ಕಾಯಿಲೆಗೆ ಇಂಥ ರಾಗ ಎಂದು ಔಷಧವನ್ನು ಬಿಡಿಸುವವರ ಮಾತಿಗೆ ಗೃಹಸ್ಥರು ಕಿವಿಗೊಡಬಾರದು.

ಈ ಹಿತವು ಮಿದುಳಿನಲ್ಲಿ ಹೇಗೆ ಉಂಟಾಗುತ್ತದೆಂಬುದೂ ಸ್ವಲ್ಪಮಟ್ಟಿಗೆ ತಿಳಿದುಬಂದಿದೆ. ಕೆನಡದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಮೈ ಜುಮ್ಮೆನಿಸುವ ಸಂಗೀತವನ್ನು ಕೇಳುತ್ತಿರುವವರ ಮಿದುಳನ್ನು ಯಂತ್ರಗಳಿಂದ ನೋಡಿ, 2001ರಲ್ಲಿಯೂ 2011ರಲ್ಲಿಯೂ ಫಲಿತಾಂಶಗಳನ್ನು ಪ್ರಕಟಿಸಿದರು. ಹಸಿದವನಿಗೆ ಅನ್ನ ಸಿಕ್ಕಾಗ ಎಚ್ಚರಗೊಳ್ಳುವ ಸುಖದ ನೆಲೆಗಳೇ ಆಗಲೂ ಎಚ್ಚರಗೊಳ್ಳುತ್ತವೆ. ಡೋಪಮಿನ್ ಎಂಬ ರಸವು ಅಲ್ಲಿ ಒಸರುತ್ತದೆ. ಮೆಚ್ಚಿನ ಸ್ವರವು ಇನ್ನೇನು ಬರಲಿದೆ ಎಂದು ಕಾಯುವಾಗ ಒಂದು ನೆಲೆಯಲ್ಲಿ, ಅದು ಬಂದೇ ಬಿಟ್ಟಾಗ ಇನ್ನೊಂದು ನೆಲೆಯಲ್ಲಿ ಹೀಗಾಗುತ್ತದೆ. ಅಮಲಿನ ಪದಾರ್ಥಗಳು ಕೆಣಕುವುದೂ ಈ ನೆಲೆಗಳನ್ನೇ. ಅಂದಮೇಲೆ ನಾದದ ಸುಖವು ಸುಖವೆಂಬ ಕಾರಣಕ್ಕೇ ಪವಿತ್ರವೆನ್ನಲಾಗದು. ಅದೇ ಬಾಗಿಲಿನಿಂದ ಅಮೃತವೂ ಒಳಗೆ ಹೋಗಬಲ್ಲುದು, ಮದ್ಯವೂ ಹೋಗಬಲ್ಲುದು.

ಇಲ್ಲಿ ಬಸವಣ್ಣನವರ ನಿಲುವನ್ನು ನೆನೆಯುವುದು ಉಚಿತ. ತನ್ನ ದೇಹವನ್ನೇ ವೀಣೆಯನ್ನಾಗಿ ಮಾಡಿಕೊಂಡು ನುಡಿಸೆಂದು ದೇವರನ್ನು ಬೇಡಿದವರು ಅವರು. ತಾಳಮೇಳಗಳ ಶಾಸ್ತ್ರ ತಿಳಿಯದಿದ್ದರೂ ಒಲಿದ ಹಾಗೆ ಹಾಡುವೆನೆಂದವರು ಅವರು. ನಾದವನ್ನು ಅವರು ಹಳಿಯಲಿಲ್ಲ. ಆದರೂ ಶಿವನು ಮೆಚ್ಚುವುದು ನಾದಕ್ಕೆಂಬ ಮಾತನ್ನು ಅವರು ಒಪ್ಪಲಿಲ್ಲ. ನಾದವನ್ನು ನುಡಿಸಿದ ರಾವಣನಿಗೂ ಆ ನಾದವು ಪೂರ್ಣಾಯುಷ್ಯವನ್ನು ಕೊಡಲಿಲ್ಲವೆಂದು ನೆನಪಿಸಿ, ಭಕ್ತಿಯೊಂದೇ ಅವನಿಗೆ ಪ್ರಿಯವೆಂದು ಸಾರಿದರು. ಮಧುರವಾದುದು ಬೇರೆ, ಮಂಗಳವಾದುದು ಬೇರೆ. ಇವೆರಡನ್ನು ಒಂದುಗೂಡಿಸುವುದು ಮನುಷ್ಯನ ನಡೆ.

ರಾವಣನ ಕಥೆ ಪುರಾಣವೆಂದು ಯಾರಾದರೂ ತಳ್ಳಿಹಾಕಿದರೆ, ಕಳೆದ ಶತಮಾನದ ಇತಿಹಾಸವನ್ನೇ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಾಜಿಗಳು ಪೋಲೆಂಡಿನ ಆಷ್ವಿಟ್ಜ್ ಎಂಬಲ್ಲಿ ನಡೆಸಿದ ಸೆರೆಶಿಬಿರದಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದರು. ಆ ಶಿಬಿರದಲ್ಲಿ ವಾದ್ಯಮೇಳಗಳಿದ್ದವು. ಕೈದಿಗಳೇ ವಾದಕರು. ಬೆಳಿಗ್ಗೆ ಬಂದಿಗಳು ದುಡಿಮೆಗೆ ಹೊರಡುವಾಗ, ಸಂಜೆ ಸತ್ತವರನ್ನು ಹೊತ್ತು ಮರಳುವಾಗ ಅವರ ಹೆಜ್ಜೆಗೆ ತಾಳವೊದಗಿಸುವುದು ಅವರ ಕೆಲಸ. ಬಿರ್ಕೆನೌ ಭಾಗದ ಮಹಿಳೆಯರ ಮೇಳವನ್ನು ನಡೆಸಿದ ಅಲ್ಮಾ ರೋಸೆ ಎಂಬ ಹೆಸರಾಂತ ಪಿಟೀಲುವಾದಕಿ 1944ರಲ್ಲಿ ಅಲ್ಲಿಯೇ ತೀರಿಕೊಂಡಳು. ಕೊಲ್ಲುವ ಅಧಿಕಾರಿಗಳು ಆ ಮೇಳದ ಸಂಗೀತವನ್ನು ಕೇಳಿ ಆನಂದಪಡುತ್ತಿದ್ದರು. ಅವರ ಮಿದುಳಿನಲ್ಲಿಯೂ ಅದೇ ರಸ ಒಸರಿರಬೇಕು, ಅವರ ಉಸಿರೂ ತಿಳಿಯಾಗಿರಬೇಕು. ಮರುದಿನ ಅವರು ತಮ್ಮ ಕೆಲಸಕ್ಕೆ ಮರಳಿದರು. ಅತ್ತ, ಅದೇ ಮೇಳದಿಂದಾಗಿ ಕೆಲವು ವಾದಕಿಯರ ಪ್ರಾಣವು ಉಳಿಯಿತೆಂಬುದೂ ನಿಜ. ಒಂದೇ ನಾದವು ಒಬ್ಬರಿಗೆ ಉಸಿರಾಯಿತು, ಇನ್ನೊಬ್ಬರ ಮನಸ್ಸಾಕ್ಷಿಗೆ ಜೋಗುಳವಾಯಿತು. ಕೇಳಿದ ಮಾತ್ರಕ್ಕೆ ಮನುಷ್ಯನು ಒಳ್ಳೆಯವನಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷಿ ಬೇಕಿಲ್ಲ.

ಇಷ್ಟು ಘೋರವಲ್ಲದಿದ್ದರೂ ನಮ್ಮ ಮನೆಗಳಿಗೆ ಹತ್ತಿರವಾದ ಇನ್ನೊಂದು ತಪ್ಪುಂಟು. ಅದು ಸಂಗೀತವನ್ನು ಲಾಭದ ಸಾಧನವೆಂದೇ ಕಾಣುವುದು. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಟ್ಸಾರ್ಟನ ಕೃತಿಯೊಂದನ್ನು ಕೇಳಿಸಿದಾಗ, ಆಕಾರಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಅವರು ತುಸು ಮೇಲಾದರು. ಆ ಪರಿಣಾಮವು ಕಾಲು ಗಂಟೆಯನ್ನೂ ದಾಟಲಿಲ್ಲ. ಅಷ್ಟರಿಂದಲೇ ಸಂಗೀತ ಕೇಳಿಸಿದರೆ ಮಕ್ಕಳ ಬುದ್ಧಿ ಬೆಳೆಯುವುದೆಂಬ ಸುದ್ದಿ ಲೋಕವೆಲ್ಲ ಹಬ್ಬಿತು. 1998ರಲ್ಲಿ ಅಲ್ಲಿನ ಜಾರ್ಜಿಯ ಸಂಸ್ಥಾನದ ಗವರ್ನರರು ಹುಟ್ಟಿದ ಪ್ರತಿ ಶಿಶುವಿಗೂ ಸಂಗೀತದ ಮುದ್ರಿಕೆಯನ್ನು ಕೊಡಲು ಸರಕಾರದ ಹಣವನ್ನು ಕೇಳಿದರು. ಕೊನೆಗೆ 2010ರಲ್ಲಿ ವಿಯೆನ್ನದ ವಿದ್ವಾಂಸರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಆ ಕೃತಿಗೆ ಅಂತಹ ವಿಶೇಷ ಮಹಿಮೆಯೇನೂ ಇಲ್ಲವೆಂದು ತೋರಿಸಿದರು. ಮನಸ್ಸಿಗೆ ಉಲ್ಲಾಸ ಕೊಡುವ ಯಾವುದರಿಂದಲಾದರೂ ಅಷ್ಟು ಫಲ ದೊರೆಯುತ್ತದೆ. ಮಗುವಿಗೆ ಹಾಡು ಬೇಕು, ನಿಜ. ಆದರೆ ಅದು ಅಂಕಗಳಿಗಾಗಿ ಬೇಕಾದುದಲ್ಲ. ತಾಯಿಯ ಜೋಗುಳದಲ್ಲಿ ಮಗುವಿಗೆ ಮುಖ್ಯವಾದುದು ತಾಯಿ. ಯಂತ್ರವನ್ನು ಹಚ್ಚಿಟ್ಟು ತಾನು ಬೇರೆ ಕೋಣೆಗೆ ಹೋದವಳು ನಾದವನ್ನು ಕೊಟ್ಟಳು, ತನ್ನನ್ನು ಕೊಡಲಿಲ್ಲ.

ಇನ್ನೊಂದು ಮಾತು. ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು, ಕಿವಿಗೆ ಬಾಗಿಲಿಲ್ಲ. ಬೇಡವೆಂದವನ ಮಿದುಳನ್ನೂ ನಾದವು ಹೊಗುತ್ತದೆ. ಆದುದರಿಂದಲೇ ಹಾಡುವವನಿಗೂ ಹಾಡಿಸುವವನಿಗೂ ಹೊಣೆ ಹೆಚ್ಚು. ಜಾತ್ರೆ, ಪುರಾಣ, ಮದುವೆ, ಸಪ್ತಾಹಗಳ ಹೆಸರಿನಲ್ಲಿ ಧ್ವನಿವರ್ಧಕವನ್ನು ಗಿಡಕ್ಕೋ ಗೋಪುರಕ್ಕೋ ಕಟ್ಟಿ ಇರುಳೆಲ್ಲ ಕೂಗಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಆ ಓಣಿಯಲ್ಲಿ ಒಬ್ಬ ಬಾಣಂತಿ ಇರಬಹುದು, ಒಬ್ಬ ಹೃದ್ರೋಗಿ ಇರಬಹುದು, ಪರೀಕ್ಷೆಗೆ ಓದುವ ಹುಡುಗ ಇರಬಹುದು. ಕಿವಿಯೊಳಗಿನ ಶಂಖದಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರದಷ್ಟಿವೆ. ಅತಿಯಾದ ಶಬ್ದದಿಂದ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲು 55, ಇರುಳು 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬಹುಣ್ಣಿಮೆಗಳಿಗೆಂದು ವರ್ಷದಲ್ಲಿ 15 ದಿನಗಳಿಗೆ ಮೀರದಂತೆ, ಅದೂ ನಡುರಾತ್ರಿಯವರೆಗೆ, ಸರಕಾರವು ಸಡಿಲಿಕೆ ಕೊಡಬಹುದು. ಕಾನೂನು ಹೇಳುವ ತನಕ ಕಾಯುವುದು ಭಕ್ತರಿಗೆ ಭೂಷಣವಲ್ಲ. ನೆರೆಯವನ ನಿದ್ದೆಯನ್ನು ಕದ್ದು ಹಾಡಿದ ವಚನವು, ಅದು ಎಷ್ಟು ಇಂಪಾಗಿದ್ದರೂ, ದಯೆಯನ್ನು ಕಳೆದುಕೊಂಡ ವಚನ. ದಯೆಯನ್ನೇ ಧರ್ಮದ ಬೇರೆಂದ ಶರಣರ ಮಾತನ್ನು ದಯೆಯಿಲ್ಲದೆ ಕೇಳಿಸುವುದಾದರೂ ಹೇಗೆ?

ಹಾಗಾದರೆ ನಾದದ ಸದುಪಯೋಗ ಯಾವುದು? ಅದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ವಲವಾದ ಉದಾಹರಣೆಯಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳವರೂ (1892–1944) ಅವರ ತರುವಾಯ ಪುಟ್ಟರಾಜ ಗವಾಯಿಗಳವರೂ (1914–2010) ಕಣ್ಣಿಲ್ಲದ ಬಡ ಮಕ್ಕಳಿಗೆ ಅನ್ನವಿಕ್ಕಿ ಸಂಗೀತವನ್ನು ಕಲಿಸಿದರು. ಇಬ್ಬರೂ ಸ್ವತಃ ದೃಷ್ಟಿಹೀನರು. ಹುಟ್ಟಿನಿಂದ ಅಥವಾ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರ ಮಿದುಳಿನಲ್ಲಿ, ನೋಟಕ್ಕೆ ಮೀಸಲಾದ ಹಿಂಭಾಗವು ಸುಮ್ಮನಿರದೆ ಶಬ್ದ, ಸ್ಪರ್ಶಗಳ ಕೆಲಸಕ್ಕೆ ಕೈಗೂಡಿಸುತ್ತದೆಂದು ಈಗ ತಿಳಿದುಬಂದಿದೆ. ಆದರೆ ಆ ಮಕ್ಕಳಿಗೆ ದೊರೆತುದು ಮಿದುಳಿನ ಪಾಟವವೊಂದೇ ಅಲ್ಲ. ಮನೆಯಲ್ಲಿ ಹೊರೆಯೆನಿಸಿಕೊಂಡಿದ್ದ ಹುಡುಗನು ಗವಾಯಿಯಾಗಿ, ತಬಲಾವಾದಕನಾಗಿ, ಕೀರ್ತನಕಾರನಾಗಿ ತನ್ನ ಕಾಯಕದಿಂದ ತಾನು ಬದುಕುವಂತಾದನು. ನಾಲ್ಕು ಜನರಲ್ಲಿ ಅವನಿಗೊಂದು ಸ್ಥಾನ, ಒಂದು ಹೆಸರು ಬಂದಿತು. ಸ್ವಾಸ್ಥ್ಯವೆಂದರೆ ನೋವಿಲ್ಲದಿರುವುದಷ್ಟೇ ಅಲ್ಲ, ಇತರರ ನಡುವೆ ಮರ್ಯಾದೆಯಿಂದ ಇರುವುದೂ ಹೌದು. ಅಲ್ಲಿ ಕಲಿಸಿದವರ ಹಾಡಿಗೂ ಅವರ ನಡೆಗೂ ನಡುವೆ ಅಂತರವಿರಲಿಲ್ಲ. ನಾದದ ಹಿಂದೆ ದಾಸೋಹವಿತ್ತು.

ಕೊನೆಯದಾಗಿ ಮೌನದ ವಿಷಯ. ಇಟಲಿಯ ವೈದ್ಯ ಬರ್ನಾರ್ಡಿ ಮತ್ತು ಅವನ ಸಂಗಡಿಗರು 2001ರಲ್ಲಿ 23 ಮಂದಿಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೂ ಬೌದ್ಧರ ಮಂತ್ರವೊಂದನ್ನೂ ಅವರಿಂದ ಹೇಳಿಸಿದಾಗ, ಎರಡರಲ್ಲಿಯೂ ಉಸಿರಾಟವು ನಿಮಿಷಕ್ಕೆ ಆರರಷ್ಟಕ್ಕೆ ಇಳಿಯಿತು. ಹೃದಯದ ಬಡಿತವೂ ರಕ್ತದೊತ್ತಡವೂ ಆ ಲಯಕ್ಕೆ ಹೊಂದಿಕೊಂಡವು. ಎತ್ತಿಕೊಂಡ ಸಾಲಿನ ಉದ್ದವು ಉಸಿರನ್ನು ನೀಳವಾಗಿಸುತ್ತದೆಂಬುದು ಇದರ ತಿರುಳು. 2006ರಲ್ಲಿ ಅವರೇ 24 ಮಂದಿಗೆ ನಾನಾ ಬಗೆಯ ಸಂಗೀತವನ್ನು ಕೇಳಿಸಿದರು. ದ್ರುತಗತಿಯ ಸಂಗೀತಕ್ಕೆ ಉಸಿರೂ ಎದೆಬಡಿತವೂ ಏರಿದವು. ಆದರೆ ಅವರು ನಿರೀಕ್ಷಿಸದ ಸಂಗತಿಯೊಂದು ಕಂಡುಬಂದಿತು. ಹಾಡುಗಳ ನಡುವೆ ಎರಡು ನಿಮಿಷದ ಬಿಡುವನ್ನು ಇಟ್ಟಿದ್ದರು. ಆ ಬಿಡುವಿನಲ್ಲಿ ದೇಹವು ಸಂಗೀತ ತೊಡಗುವ ಮುಂಚೆ ಇದ್ದುದಕ್ಕಿಂತಲೂ ಹೆಚ್ಚಿನ ವಿಶ್ರಾಂತಿಯನ್ನು ಪಡೆಯಿತು. ನಾದವು ಮನಸ್ಸನ್ನು ಒಂದೆಡೆಗೆ ತಂದಿತು. ವಿಶ್ರಾಂತಿಯನ್ನು ಕೊಟ್ಟುದು ಅದರ ಬೆನ್ನಿಗೆ ಬಂದ ಮೌನ. ಹಾಡು ಮುಗಿದ ಕ್ಷಣವೇ ಇನ್ನೊಂದು ಹಾಡನ್ನು ಹಚ್ಚುವ ನಾವು ಈ ಲಾಭವನ್ನು ದಿನವೂ ಕಳೆದುಕೊಳ್ಳುತ್ತಿದ್ದೇವೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ದಿನಕ್ಕೊಂದು ಹಾಡನ್ನಾದರೂ ನಿಮ್ಮ ಬಾಯಿಂದಲೇ ಹಾಡಿರಿ; ಕಂಠ ಸರಿಯಿಲ್ಲವೆಂಬ ಸಂಕೋಚ ಬೇಡ. ಇಂದು ಮಕ್ಕಳ ಬಾಯಲ್ಲಿ ಇಟ್ಟ ಹಾಡು ಅವರ ಮುಪ್ಪಿನಲ್ಲಿ, ಉಳಿದೆಲ್ಲವೂ ಕೈಬಿಟ್ಟಾಗ, ಜೊತೆಗಿರುತ್ತದೆ. ಆದುದರಿಂದ ಏನನ್ನು ಇಡುತ್ತೇವೆಂಬುದನ್ನು ವಿವೇಚಿಸಿ ಇಡೋಣ. ರೋಗಿಯ ಬಳಿ ಹಾಡುವಾಗ ಅವರಿಗೆ ಪ್ರಿಯವಾದುದನ್ನು ಮೆಲುದನಿಯಲ್ಲಿ ಹಾಡೋಣ. ಸಾಕೆಂದು ಮುಖ ತಿರುಗಿಸಿದರೆ ನಿಲ್ಲಿಸೋಣ. ಹಾಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರೋಣ. ಆ ಮೌನದಲ್ಲಿ ಎದುರಿಗಿರುವವರಿಗೆ ಏನು ಬೇಕಾಗಿದೆಯೆಂಬುದನ್ನು ಕೇಳಿಸಿಕೊಳ್ಳೋಣ.

ಆ ಸಂಜೆಯ ಬಳಿಕ ನಮ್ಮ ಮನೆಯಲ್ಲಿ ಹಾಡಿಸುವ ಪ್ರದರ್ಶನ ನಿಂತಿತು. ಬೆಳಗಿನ ಪೂಜೆಯ ಹೊತ್ತಿಗೆ ಮಾತ್ರ ದೊಡ್ಡವ್ವನವರು ವಚನವನ್ನು ಎತ್ತಿಕೊಳ್ಳುವರು, ದೊಡ್ಡಪ್ಪನವರು ಕೂಡಿಕೊಳ್ಳುವರು. ಹಾಡು ಮುಗಿದ ಮೇಲೆ ಆಕೆ ಅವರ ಕೈಹಿಡಿದು ಏನೂ ಮಾತಾಡದೆ ಕುಳಿತುಕೊಳ್ಳುವರು. ಆಮೇಲೆ ತಂಬಿಗೆ, ಧೋತರ, ವಿಭೂತಿಯ ಗಟ್ಟಿ, ಕಿಟಕಿಯ ಕದ ಹೀಗೆ ಒಂದೊಂದನ್ನೇ ಕೈಮಾಡಿ ತೋರಿಸುವರು. ಬೇಕಾದುದು ಬಂದಾಗ ದೊಡ್ಡಪ್ಪನವರು ‘ಹೌದು’ ಎನ್ನುತ್ತ ಎಡಗೈಯಿಂದ ಆಕೆಯ ಕೈಯನ್ನು ಒತ್ತುವರು. ಅವರ ಬಳಿಯಿದ್ದ ಒಂದೇ ಮಾತಿಗೆ ಹಾಗೆ ಅರ್ಥ ಬಂದಿತು. ಎರಡು ವರ್ಷ ಅವರು ಹೀಗೆ ಬಾಳಿದರು. ನಾದವು ಅವರ ಬಾಯಿಯನ್ನು ತೆರೆಯಿತು. ನಮ್ಮ ಕಿವಿಯನ್ನು ತೆರೆಸಿದುದು ದೊಡ್ಡವ್ವನವರ ನಡೆ.